ಕತ್ತೆಯ ಕಿವಿಯಲ್ಲಿ ಸಿಂಹ ಹೇಳಿದ್ದು

ಗುರುವಾರ, 24 ಅಕ್ಟೋಬರ್ 2024

ಸಿಂಹ ಆ ಕತ್ತೆಯ ಕಿವಿಯಲ್ಲಿ ಏನು ಹೇಳಿತು ಎಂದು ಅಕ್ಕನ ಮಗಳು ಪುಟ್ಟಿ ಇಂದು ಸಂಜೆ ಕೇಳಿದಳು. ಅದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಸಿ. ಎಸ್. ಲೂಯಿಸ್ ಬರೆದ ನಾರ್ನಿಯಾ ಸರಣಿಯ ಕೊನೆಯ ಪುಸ್ತಕ 'ದಿ ಲಾಸ್ಟ್ ಬ್ಯಾಟಲ್' ಅನ್ನು ದಸರಾ ರಜೆಯಿಂದಲೂ ಅವಳು ಓದುತ್ತಿದ್ದಳು, ಇಂದು ಮುಗಿಯಿತು. ಯುದ್ಧವೆಲ್ಲ ಕಳೆದು, ಹಳೆಯ ನಾರ್ನಿಯಾ ನಾಡು ಕತ್ತಲಾಗಿ ಹೆಪ್ಪುಗಟ್ಟಿ, ಬಾಗಿಲಿನ ಆಚೆಯ ಬೆಳಕಿನ ನಾಡಿನಲ್ಲಿ ರಾಜರು, ರಾಣಿಯರು, ಮಾತನಾಡುವ ಪ್ರಾಣಿಗಳು ಎಲ್ಲರೂ ಒಟ್ಟುಗೂಡಿದ ಮೇಲೆ ಅಸ್ಲಾನ್ ಎಂಬ ಆ ಸಿಂಹ ಮೊಟ್ಟಮೊದಲು ಹತ್ತಿರಕ್ಕೆ ಕರೆಯುವುದು ಪಝಲ್ ಎಂಬ ಕತ್ತೆಯನ್ನು. ಕತ್ತೆ ಹೆದರಿಕೊಂಡೇ ಹೋಗಿ ನಿಲ್ಲುತ್ತದೆ. ಸಿಂಹ ತಲೆ ಬಗ್ಗಿಸಿ ಮೆಲ್ಲಗೆ ಏನನ್ನೋ ಹೇಳುತ್ತದೆ, ಕತ್ತೆಯ ಉದ್ದ ಕಿವಿಗಳು ಜೋತು ಬೀಳುತ್ತವೆ. ಮತ್ತೇನನ್ನೋ ಹೇಳುತ್ತದೆ, ಕಿವಿಗಳು ಮತ್ತೆ ನಿಮಿರುತ್ತವೆ. ಸುತ್ತ ನಿಂತ ಮನುಷ್ಯರಿಗೆ ಮೊದಲಿನದೂ ಕೇಳಿಸಲಿಲ್ಲ, ನಂತರದ್ದೂ ಕೇಳಿಸಲಿಲ್ಲ ಎಂದು ಬರೆದು ಲೂಯಿಸ್ ಮುಂದಿನ ಮಾತಿಗೆ ಹೋಗಿಬಿಡುತ್ತಾರೆ.

ಇಡೀ ಪುಸ್ತಕದ ತೂಕ ಆ ಎರಡು ಪಿಸುಮಾತುಗಳ ಮೇಲೆ ನಿಂತಿದೆ ಎಂದು ನನಗೆ ಅನ್ನಿಸುತ್ತಿದೆ. ಪುಟ್ಟಿ ಮಲಗಿದ ಮೇಲೂ ಅದೇ ಯೋಚನೆ.

ಸರಣಿಯ ಏಳು ಪುಸ್ತಕಗಳು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದವು. ಏಳಕ್ಕೂ ಚಿತ್ರ ಬರೆದವರು ಪಾಲೀನ್ ಬೇನ್ಸ್. ಮಕ್ಕಳ ಸಾಹಿತ್ಯಕ್ಕೆ ಬ್ರಿಟನ್ನಿನಲ್ಲಿ ಕೊಡುವ ಕಾರ್ನೆಗಿ ಪದಕ ಬಂದದ್ದು ಈ ಕೊನೆಯದಕ್ಕೆ. ಮೊದಲು ಪ್ರಕಟವಾದ ಪುಸ್ತಕದಲ್ಲಿ ಕೆಡುಕಿಗೆ ಅದರದೇ ಮುಖವಿತ್ತು: ನಾಡನ್ನೆಲ್ಲ ಮುಗಿಯದ ಚಳಿಗಾಲದಲ್ಲಿ ಇಟ್ಟ ಬಿಳಿ ಮಾಟಗಾತಿಯನ್ನು ನೋಡಿದ ಕೂಡಲೇ ಓದುವ ಮಗುವಿಗೆ ಅವಳು ಯಾವ ಪಕ್ಷದವಳೆಂದು ತಿಳಿಯುತ್ತಿತ್ತು. ಕೊನೆಯ ಪುಸ್ತಕದಲ್ಲಿ ಆ ಸೌಕರ್ಯವಿಲ್ಲ. ಇಲ್ಲಿ ಕೆಡುಕು ಒಳಿತಿನ ತೊಗಲನ್ನೇ ಹೊದ್ದು ಬರುತ್ತದೆ, ಆ ತೊಗಲನ್ನು ಹೊರುವುದು ಯಾರಿಗೂ ಕೇಡು ಬಯಸದ ಒಂದು ಪ್ರಾಣಿ.

ಕಾಲ್ಡ್ರನ್ ಎಂಬ ಮಡುವಿನ ಜಲಪಾತದಲ್ಲಿ ಒಂದು ಸಿಂಹದ ಚರ್ಮ ತೇಲಿ ಬರುತ್ತದೆ. ಶಿಫ್ಟ್ ಎಂಬ ಮುದಿ ಕಪಿ, ಹೆಪ್ಪುಗಟ್ಟುವಷ್ಟು ತಣ್ಣಗಿದ್ದ ಆ ನೀರಿಗೆ ಪಝಲ್‌ನನ್ನೇ ಇಳಿಸಿ ಅದನ್ನು ತರಿಸುತ್ತದೆ. ಸಿಂಹದ ಚರ್ಮವಾದ್ದರಿಂದ ಅದನ್ನು ಗೌರವದಿಂದ ಹೂಳಬೇಕು ಎಂಬುದು ಕತ್ತೆಯ ಮನಸ್ಸು. ಆದರೆ ತನಗೆ ಬುದ್ಧಿ ಸಾಲದು ಎಂದು ಅದು ನಂಬಿದೆ, ಹಾಗೆ ನಂಬಿಸಿದ್ದು ಆ ಕಪಿಯೇ. ಕಪಿಯ ಬಯಕೆಯಂತೆ ಕಿತ್ತಳೆ, ಬಾಳೆಹಣ್ಣು ಹುಡುಕಿಕೊಂಡು ಕತ್ತೆ ಸಂತೆಗೆ ಹೋದ ಹೊತ್ತಿನಲ್ಲಿ ಕಪಿ ಸೂಜಿದಾರ ಹಿಡಿದು ಆ ಚರ್ಮವನ್ನು ಕತ್ತೆಯ ಮೈಗೆ ಹೊಂದುವ ಅಂಗಿಯನ್ನಾಗಿ ಮಾಡುತ್ತದೆ. ಅದನ್ನು ತೊಡಿಸಿ, ನೀನಿನ್ನು ಅಸ್ಲಾನ್ ಆಗಬಹುದು, ನಾನು ಹೇಳಿಕೊಟ್ಟಂತೆ ನಡೆದರೆ ನಾಡನ್ನೆಲ್ಲ ಸರಿ ಮಾಡಬಹುದು ಎನ್ನುವಾಗ ಗುಡುಗುತ್ತದೆ, ನೆಲ ನಡುಗುತ್ತದೆ. ಇದು ಅಪಶಕುನ, ನಾವು ತಪ್ಪು ಮಾಡುತ್ತಿದ್ದೇವೆ ಎಂದು ಕತ್ತೆ ಹೇಳುತ್ತದೆ. ಅದರ ಜೀವನದಲ್ಲಿ ಅದು ಆಡಿದ ಅತ್ಯಂತ ವಿವೇಕದ ಮಾತು ಅದು. ಇಲ್ಲ, ಇದು ಒಪ್ಪಿಗೆಯ ಗುರುತು ಎಂದು ಕಪಿ ಹೇಳುತ್ತದೆ, ಕತ್ತೆ ಸುಮ್ಮನಾಗುತ್ತದೆ.

ಪುಟ್ಟಿಯ ಜೊತೆ ಇಂದು ನಡೆದ ಮಾತೆಲ್ಲ ಈ ಸುಮ್ಮನಾಗುವಿಕೆಯ ಬಗ್ಗೆಯೇ. "ಪಝಲ್‌ದು ತಪ್ಪಾ, ಅಲ್ವಾ? ಒಂದೇ ಹೇಳು" ಎಂದು ಹಠ ಹಿಡಿದಳು. ನಿನಗೆ ಏನನ್ನಿಸುತ್ತದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ, ಆದ್ದರಿಂದ ತಪ್ಪಲ್ಲ ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ತಿದ್ದಿಕೊಂಡಳು: "ಆದರೆ ಗೊತ್ತಿತ್ತು. ಗುಡುಗಿದಾಗ ಗೊತ್ತಿತ್ತು. ಅವನೇ ಹೇಳಿದನಲ್ಲ." ಹಾಗಾದರೆ ತಪ್ಪೇ ಎಂದೆ. "ಆದರೆ ಜಿಲ್ ಅವನನ್ನು ಕೊಲ್ಲೋಕೆ ಬಿಡಲಿಲ್ಲ" ಎಂದಳು. ರಾಜ ಟಿರಿಯನ್ ಕತ್ತಿ ಹಿರಿದು ಕತ್ತೆಯ ತಲೆಯನ್ನು ಕಡಿದೇಬಿಡುತ್ತೇನೆ ಎಂದು ನಿಂತಾಗ, ಕಪಿ ಅಡಗಿಸಿಟ್ಟಿದ್ದ ಕೊಟ್ಟಿಗೆಯ ಕತ್ತಲಿನಿಂದ ಅದನ್ನು ಹೊರಗೆ ತಂದ, ನಮ್ಮ ಲೋಕದಿಂದ ಬಂದ ಹುಡುಗಿ ಜಿಲ್ ನಡುವೆ ಬರುತ್ತಾಳೆ: ಅದಕ್ಕೆ ತಿಳಿಯಲಿಲ್ಲ, ಅದು ಪಶ್ಚಾತ್ತಾಪ ಪಡುತ್ತಿದೆ, ಅದು ಒಳ್ಳೆಯ ಕತ್ತೆ. ಒಬ್ಬಳು ಬೇಡಿಕೊಂಡದ್ದರಿಂದ ಒಂದು ಜೀವ ಉಳಿಯುತ್ತದೆ. ಮುಂದೆ ಜ್ಯೂಯೆಲ್ ಎಂಬ ಯೂನಿಕಾರ್ನ್, ಅಷ್ಟು ದೊಡ್ಡ ಯೋಧ, ಆ ಕತ್ತೆಯ ಪಕ್ಕದಲ್ಲಿ ನಡೆಯುತ್ತ ಹುಲ್ಲು, ಸಕ್ಕರೆ, ಗೊರಸಿನ ಆರೈಕೆ ಹೀಗೆ ಇಬ್ಬರಿಗೂ ತಿಳಿದ ವಿಷಯಗಳನ್ನೇ ಮಾತನಾಡುತ್ತದೆ. ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಅದು. ತಪ್ಪಿತಸ್ಥನನ್ನು ಮತ್ತೆ ನಮ್ಮವನನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಷ್ಟು ಸಣ್ಣ ಮಾತಿನಲ್ಲಿ ಹೇಳಿದವರು ಅಪರೂಪ.

"ಹಾಗಿದ್ದರೆ ಕಿವಿ ಜೋತು ಬಿದ್ದದ್ದು ಯಾಕೆ, ಕ್ಷಮಿಸಿಯಾಗಿತ್ತಲ್ಲ?" ಎಂದಳು. ನನಗೆ ತೋಚಿದ್ದನ್ನು ಹೇಳಿದೆ. ಕ್ಷಮಿಸುವ ಮುಂಚೆ ನಡೆದದ್ದನ್ನು ಹೆಸರಿಟ್ಟು ಹೇಳಬೇಕಾಗುತ್ತದೆ, ಇಲ್ಲದಿದ್ದರೆ ಏನನ್ನು ಕ್ಷಮಿಸಿದರು ಎಂದು ಕತ್ತೆಗೂ ತಿಳಿಯುವುದಿಲ್ಲ. ಅವಳು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. "ಎಲ್ಲರ ಮುಂದೆ ಹೇಳಲಿಲ್ಲ, ಅದು ಒಳ್ಳೆಯದಾಯಿತು" ಎಂದಳು. ಇದು ನನಗೆ ಹೊಳೆದಿರಲಿಲ್ಲ. ನಾಡು ಮುಳುಗಲು ಕಾರಣವಾದ ತಪ್ಪನ್ನು ಸಿಂಹ ಸಭೆಯಲ್ಲಿ ಕೂಗಿ ಹೇಳದೆ, ಆ ಕತ್ತೆಗಷ್ಟೇ ಕೇಳುವಂತೆ ಹೇಳಿತು. ಓದುವ ನಮಗೂ ಅದನ್ನು ಕೇಳುವ ಹಕ್ಕಿಲ್ಲ ಎಂದು ಲೂಯಿಸ್ ತೀರ್ಮಾನಿಸಿದ್ದಾರೆ. ಹನ್ನೊಂದು ವರ್ಷದ ಮಗು ಅದನ್ನು ಗುರುತಿಸಿತು.

ಆದರೆ ಕತ್ತೆಯ ಒಳ್ಳೆಯತನದಿಂದ ನಷ್ಟ ಕಡಿಮೆಯಾಗಲಿಲ್ಲ ಎಂಬುದನ್ನೂ ಪುಸ್ತಕ ಮುಚ್ಚಿಡುವುದಿಲ್ಲ. ಸುಳ್ಳು ಸಿಂಹವನ್ನು ರಾತ್ರಿಯ ಬೆಂಕಿಯ ಬೆಳಕಿನಲ್ಲಿ ದೂರದಿಂದ ಒಂದಿಷ್ಟೇ ತೋರಿಸಿ, ಅದರ ಹೆಸರಿನಲ್ಲಿ ಕಪಿ ಆಜ್ಞೆಗಳನ್ನು ಹೊರಡಿಸುತ್ತದೆ. ಮಾತನಾಡುವ ಮರಗಳನ್ನು ಕಡಿಯುತ್ತಾರೆ. ಮಾತನಾಡುವ ಕುದುರೆಗಳ ಮೇಲೆ ನೊಗ ಹೇರುತ್ತಾರೆ. ಅಸ್ಲಾನ್ ಹೀಗೆ ಮಾಡುವವನಲ್ಲವಲ್ಲ ಎಂದು ಯಾರಾದರೂ ಅನುಮಾನಿಸಿದರೆ, ಅವನೇನು ಪಳಗಿಸಿದ ಸಿಂಹವೇ ಎಂಬ ಉತ್ತರ ಬರುತ್ತದೆ. ಆ ಮಾತು ಮೊದಲ ಪುಸ್ತಕದಲ್ಲಿ ಭಕ್ತಿಯಿಂದ ಆಡಿದ್ದು: ಅವನು ನಮ್ಮ ಇಷ್ಟದಂತೆ ನಡೆಯುವವನಲ್ಲ, ನಮಗಿಂತ ದೊಡ್ಡವನು ಎಂಬ ಅರ್ಥದಲ್ಲಿ. ಅದೇ ಮಾತು ಇಲ್ಲಿ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುವ ಸಾಧನವಾಗುತ್ತದೆ. ಕೇಡಿಗರು ಹೊಸ ಮಂತ್ರವನ್ನೇನೂ ಕಲಿತು ಬರಲಿಲ್ಲ, ನಂಬಿದವರ ಮಾತನ್ನೇ ಅವರತ್ತ ತಿರುಗಿಸಿದರು. ಕತ್ತೆ ತಪ್ಪಿಸಿಕೊಂಡಿತೆಂದು ತಿಳಿದ ಮೇಲಂತೂ ಕಪಿ ಇನ್ನೂ ಮುಂದೆ ಹೋಗುತ್ತದೆ: ಸಿಂಹದ ಚರ್ಮ ಹೊದ್ದ ಒಂದು ಕತ್ತೆ ಕಾಡಿನಲ್ಲಿ ಅಲೆಯುತ್ತಿದೆ, ಎಚ್ಚರವಾಗಿರಿ ಎಂದು ತಾನೇ ಸಾರುತ್ತದೆ. ಈಗ ಟಿರಿಯನ್ ಪಝಲ್‌ನನ್ನು ಎಲ್ಲರೆದುರು ನಿಲ್ಲಿಸಿ ಸತ್ಯ ಹೇಳಿದರೂ ಅದು ಕಪಿಯ ಮಾತಿಗೇ ಸಾಕ್ಷಿಯಾಗುತ್ತದೆ. ಸುಳ್ಳಿಗೆ ಸ್ವಲ್ಪ ಸತ್ಯ ಬೆರೆಸಿದರೆ ಅದರ ಬಲ ಎಷ್ಟೋ ಪಾಲು ಹೆಚ್ಚುತ್ತದೆ ಎಂಬುದನ್ನು 1956ರ ಮಕ್ಕಳ ಪುಸ್ತಕವೊಂದು ಇಷ್ಟು ನಿಚ್ಚಳವಾಗಿ ಬಿಡಿಸಿ ತೋರಿಸಿದೆ. ಇದನ್ನು ಓದುವಾಗ ನನಗೆ ಭಯವಾಯಿತು, ಏಕೆಂದರೆ ಬೆಳಿಗ್ಗೆ ಎದ್ದು ಫೋನ್ ತೆರೆದರೆ ನಮ್ಮ ಕೈಗೆ ಬರುವುದೂ ಇಂಥವೇ.

ಕುಬ್ಜರ ಪ್ರಸಂಗ ಇದಕ್ಕಿಂತ ಕಷ್ಟದ್ದು. ಉಪ್ಪಿನ ಗಣಿಗೆ ಸಾಗಿಸುತ್ತಿದ್ದ ಅವರನ್ನು ಟಿರಿಯನ್ ಬಿಡಿಸುತ್ತಾನೆ, ನೀವು ನಂಬಿದ ಸಿಂಹ ಇಗೋ ಈ ಕತ್ತೆ ಎಂದು ತೋರಿಸುತ್ತಾನೆ. ಅವರು ಸಂತೋಷಪಡುತ್ತಾರೆ ಎಂದು ಅವನ ನಿರೀಕ್ಷೆ. ಒಮ್ಮೆ ಮೋಸ ಹೋದೆವು, ಇನ್ನು ಯಾವ ಸಿಂಹವೂ ಬೇಡ, ಯಾವ ರಾಜನೂ ಬೇಡ, ಕುಬ್ಜರಿಗೆ ಕುಬ್ಜರೇ ಗತಿ ಎಂದು ಅವರು ಹೊರಟುಹೋಗುತ್ತಾರೆ. ಪಾಗಿನ್ ಎಂಬ ಒಬ್ಬ ಮಾತ್ರ ಹಿಂದಿರುಗಿ ಬರುತ್ತಾನೆ. ಕೊನೆಯ ಕಾಳಗದಲ್ಲಿ ರಾಜನ ನೆರವಿಗೆ ಓಡಿ ಬರುತ್ತಿದ್ದ ಮಾತನಾಡುವ ಕುದುರೆಗಳನ್ನು ಈ ಕುಬ್ಜರು ಒಂದೊಂದಾಗಿ ಬಾಣ ಬಿಟ್ಟು ಕೊಲ್ಲುತ್ತಾರೆ. ಪುಟ್ಟಿ ಅಲ್ಲಿಗೆ ಓದು ನಿಲ್ಲಿಸಿ ಮರುದಿನದವರೆಗೆ ಪುಸ್ತಕವನ್ನು ಮುಟ್ಟಿರಲಿಲ್ಲ. ಕೊಟ್ಟಿಗೆಯ ಬಾಗಿಲಿನೊಳಗೆ ಎಸೆದ ಮೇಲೆ ಅವರು ಅದೇ ಬೆಳಕಿನ ನಾಡಿನಲ್ಲಿ ಕುಳಿತಿದ್ದರೂ ಕತ್ತಲ ಕೊಟ್ಟಿಗೆಯಲ್ಲಿದ್ದೇವೆ ಎಂದೇ ಹೇಳುತ್ತಾರೆ. ಕಥೆಯ ಮಕ್ಕಳಲ್ಲಿ ಒಬ್ಬಳಾದ ಲೂಸಿ ಮೂಗಿನ ಬಳಿ ಹಿಡಿದ ಹೂವು ಅವರಿಗೆ ಕೊಟ್ಟಿಗೆಯ ಕಸವಾಗಿ ನಾರುತ್ತದೆ. ಅಸ್ಲಾನ್ ಬಡಿಸಿದ ಔತಣವನ್ನು ತಿನ್ನುತ್ತ, ಒಬ್ಬನು ಹುಲ್ಲು ಎನ್ನುತ್ತಾನೆ, ಇನ್ನೊಬ್ಬನು ಹಳೆಯ ಗೆಡ್ಡೆಯ ಚೂರು ಎನ್ನುತ್ತಾನೆ, ಮತ್ತೊಬ್ಬನಿಗೆ ಹಸಿ ಎಲೆಕೋಸಿನ ಎಲೆ. ಚಿನ್ನದ ಬಟ್ಟಲಿನ ದ್ರಾಕ್ಷಾರಸ ಅವರಿಗೆ ಕತ್ತೆ ಬಾಯಿ ಹಾಕಿದ ತೊಟ್ಟಿಯ ಕೊಳಕು ನೀರು. ಇವರನ್ನು ಸೆರೆಯಲ್ಲಿಟ್ಟವರು ಯಾರೂ ಇಲ್ಲ. ಸುಳ್ಳಿನಿಂದ ಆಗುವ ನಿಜವಾದ ಹಾನಿ ಇದೇ ಎಂದು ನನಗೆ ಕಾಣುತ್ತದೆ. ಸುಳ್ಳನ್ನು ನಂಬಿದ ದಿನಗಳು ಹೇಗೋ ಕಳೆದುಹೋಗುತ್ತವೆ, ಆದರೆ ಆಮೇಲೆ ಯಾವುದನ್ನೂ ನಂಬಲಾಗದ ದಿನಗಳಿಗೆ ಕೊನೆಯಿಲ್ಲ. ಕತ್ತೆಗೆ ಎರಡು ಮಾತು ಹೇಳಿದ ಸಿಂಹಕ್ಕೆ ಇವರಿಗೆ ಒಂದನ್ನೂ ಕೇಳಿಸಲು ಆಗಲಿಲ್ಲ.

ಪುಟ್ಟಿಗೆ ಇನ್ನೊಂದು ದೂರಿತ್ತು, ಅದು ನ್ಯಾಯವಾದದ್ದು. ಕ್ಯಾಲೊರ್ಮೆನ್ ದೇಶದ ಶತ್ರುಗಳೆಲ್ಲ ಕಂದು ಮೈಬಣ್ಣದವರು, ಪೇಟ ಸುತ್ತಿದವರು, ಕೊಂಕು ಕತ್ತಿಯವರು. ಅವರಂತೆ ಕಾಣಲು ಟಿರಿಯನ್ ಮತ್ತು ಮಕ್ಕಳು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾರೆ. "ನಮ್ಮ ಬಣ್ಣವಾ?" ಎಂದು ಕೇಳಿದಳು. ಹೌದು ಎಂದೆ. ಬರೆದವರ ಕಾಲ ಹಾಗಿತ್ತು ಎಂದು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಓದುತ್ತಿರುವುದು ಈ ಕಾಲದ ಮಗು, ನೋವಾಗುವುದು ಈ ಕಾಲದಲ್ಲಿ. ಲೂಯಿಸ್ ಅದೇ ದೇಶದಿಂದ ಎಮೆತ್ ಎಂಬ ಯುವಕನನ್ನೂ ತರುತ್ತಾರೆ ಎಂಬುದನ್ನು ಮಾತ್ರ ನೆನಪಿಸಿದೆ. ಬಾಲ್ಯದಿಂದ ಟಾಶ್ ಎಂಬ ಬೇರೆ ದೇವರನ್ನು ನಿಷ್ಠೆಯಿಂದ ಪೂಜಿಸಿದವನು ಅವನು. ಅಸ್ಲಾನ್‌ನನ್ನು ಕಂಡು, ಇನ್ನು ತನ್ನ ಕಥೆ ಮುಗಿಯಿತು ಎಂದುಕೊಂಡು ಕಾಲಿಗೆ ಬಿದ್ದಾಗ, ನೀನು ಅವನಿಗೆ ಸಲ್ಲಿಸಿದ ಸೇವೆಯೆಲ್ಲ ನನಗೇ ಸಂದಿದೆ ಎಂದು ಸಿಂಹ ಹೇಳುತ್ತದೆ. ಸ್ವರ್ಗಾರೋಹಣ ಪರ್ವದಲ್ಲಿ ದುರ್ಯೋಧನ ವೈಭವದಿಂದ ಕುಳಿತದ್ದನ್ನು ಕಂಡು ಧರ್ಮರಾಯನಿಗೆ ತಡೆಯಲಾಗದ ಸಿಟ್ಟು ಬರುತ್ತದೆ, ಇಲ್ಲಿ ಎಮೆತ್‌ನ ಕಥೆಯನ್ನು ಟಿರಿಯನ್‌ನೂ ಉಳಿದವರೂ ಪಕ್ಕದಲ್ಲಿ ಕುಳಿತು ಕೇಳುತ್ತಾರೆ. ಪುಟ್ಟಿ ಮಾತ್ರ ಒಬ್ಬ ಎಮೆತ್ ಸಾಲದು ಎಂದಳು. ಸಾಲದು, ನಿಜ.

ಒಂಬತ್ತು ಗಂಟೆಗೆ ಅಕ್ಕ ಫೋನ್ ಮಾಡಿದಳು. ಮಗಳ ಧ್ವನಿಯಲ್ಲೇ ಏನೋ ಗೊತ್ತಾಯಿತಂತೆ. ಕಥೆಯ ಮಕ್ಕಳೆಲ್ಲ ರೈಲು ಅಪಘಾತದಲ್ಲಿ ತೀರಿಕೊಂಡಿರುತ್ತಾರೆ, ಅವರ ತಂದೆತಾಯಿಯೂ ಅದೇ ರೈಲಿನಲ್ಲಿದ್ದರು, ನಾವು ನೋಡಿದ ಬೆಳಕಿನ ನಾಡು ಸಾವಿನ ಆಚೆಯದು ಎಂದು ತಿಳಿದಾಗ ಅಕ್ಕ ಗಾಬರಿಯಾದಳು. ಇಂಥದ್ದನ್ನು ಮಕ್ಕಳಿಗೆ ಯಾಕೆ ಕೊಡುತ್ತೀ ಎಂದಳು. ಅಪ್ಪ ಹೋಗಿ ಇನ್ನೂ ವರ್ಷವಾಗಿಲ್ಲ, ಅವಳ ಕಳವಳ ನನಗೆ ಅರ್ಥವಾಗುತ್ತದೆ. ಲೂಯಿಸ್ ತಮ್ಮ ತಾಯಿಯನ್ನು ಕಳೆದುಕೊಂಡಾಗ ಅವರಿಗೆ ಒಂಬತ್ತು ವರ್ಷ. ಸಾವು ಮಕ್ಕಳ ಮನೆಗೆ ಬರುವುದಿಲ್ಲ ಎಂದು ಅವರು ಬರೆಯಬಹುದಾಗಿತ್ತೇ? ಶಾಲೆಯ ಅವಧಿ ಮುಗಿಯಿತು, ರಜೆ ಆರಂಭವಾಯಿತು ಎಂದು ಸಿಂಹ ಹೇಳುವಾಗ ಪುಟ್ಟಿ ಅಳಲಿಲ್ಲ. ಅವಳು ಅತ್ತದ್ದು ಲೂಸಿಯ ಅಕ್ಕ ಸೂಸನ್‌ಗಾಗಿ.

ಸೂಸನ್ ಆ ರೈಲಿನಲ್ಲಿರಲಿಲ್ಲ. ನಾರ್ನಿಯಾ ಎಂಬುದೆಲ್ಲ ಚಿಕ್ಕಂದಿನ ಆಟವೆಂದು ತಳ್ಳಿಹಾಕಿ, ಲಿಪ್‌ಸ್ಟಿಕ್, ಪಾರ್ಟಿಗಳ ಹಿಂದೆ ಹೋದಳು ಎಂದು ಉಳಿದವರು ಒಂದೆರಡು ಮಾತಿನಲ್ಲಿ ಅವಳ ಕಥೆ ಮುಗಿಸುತ್ತಾರೆ. ಅಣ್ಣ, ತಮ್ಮ, ತಂಗಿ, ತಂದೆ, ತಾಯಿ ಎಲ್ಲರೂ ಒಂದೇ ದಿನ ಹೋದ ಮನೆಯಲ್ಲಿ ಆ ಹುಡುಗಿ ಒಬ್ಬಳೇ. ಅವಳಿಗೆ ಫೋನ್ ಮಾಡಿ ಹೇಳಿದವರು ಯಾರು ಎಂದು ಪುಟ್ಟಿ ಕೇಳಿದಾಗ ನನ್ನ ಗಂಟಲು ಕಟ್ಟಿತು. 1957ರಲ್ಲಿ ಒಬ್ಬ ಹುಡುಗನಿಗೆ ಬರೆದ ಕಾಗದದಲ್ಲಿ ಲೂಯಿಸ್, ಸೂಸನ್‌ಗೆ ತಿದ್ದಿಕೊಳ್ಳಲು ಬೇಕಾದಷ್ಟು ಸಮಯವಿದೆ, ಬಹುಶಃ ತನ್ನದೇ ದಾರಿಯಲ್ಲಿ ಅವಳೂ ಕೊನೆಗೆ ಅಲ್ಲಿಗೆ ಸೇರುತ್ತಾಳೆ ಎಂದಿದ್ದಾರೆ. ಆ ಮಾತನ್ನು ಪುಸ್ತಕದ ಒಳಗೇ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು. ಕಾಗದದ ಸಂಗತಿಯನ್ನು ನಾಳೆ ಬೆಳಿಗ್ಗೆ ಪುಟ್ಟಿಗೆ ಹೇಳಬೇಕೆಂದಿದ್ದೇನೆ. ಆದರೆ ಅವಳು ಬಿಡುವುದಿಲ್ಲ, ಸೂಸನ್ ಏನನ್ನು ತಿದ್ದಿಕೊಳ್ಳಬೇಕು ಎಂದು ಕೇಳಿಯೇ ಕೇಳುತ್ತಾಳೆ. ಸುಳ್ಳು ಸಿಂಹವನ್ನು ಹೊತ್ತ ಕತ್ತೆಗೆ ಎಲ್ಲರಿಗಿಂತ ಮೊದಲು ಕರೆ ಬಂದ ಕಥೆಯಲ್ಲಿ, ಬರೀ ದೊಡ್ಡವಳಾಗಲು ಅವಸರಪಟ್ಟ ಹುಡುಗಿಗೆ ಕರೆ ಬರಲಿಲ್ಲ.