ಬಳ್ಳಾರಿ ಬಿಸಿಲು, ಬೋರ್ ನೀರು, ಕರೆಂಟ್ ಕಟ್: ಮೀನಿನ ತೊಟ್ಟಿಗೆ ಯಾವ ಫಿಲ್ಟರ್?

ಫಿಲ್ಟರ್ ಡಬ್ಬಿಯ ಮೇಲೆ 'ಗಂಟೆಗೆ 600 ಲೀಟರ್' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದು ಒಳಗೆ ಸ್ಪಂಜು, ಸೆರಾಮಿಕ್ ರಿಂಗು ಅಂತ ಯಾವ ಮೀಡಿಯಾವೂ (ನೀರು ಸೋಸಲು ತುಂಬುವ ಸಾಮಾನು) ಇಲ್ಲದೆ, ನೀರನ್ನು ಒಂದಿಂಚೂ ಮೇಲಕ್ಕೆ ಎತ್ತಿಸದೆ, ಬರಿ ಪಂಪು ಓಡಿಸಿ ತೆಗೆದ ಲೆಕ್ಕ. ಮನೆಯಲ್ಲಿ ಮೀಡಿಯಾ ತುಂಬಿ, ಒಂದಡಿ ಎತ್ತರಕ್ಕೆ ನೀರು ಏರಿಸಿದರೆ ಅದರಲ್ಲಿ ಅರ್ಧ ಬಂದರೆ ಪುಣ್ಯ. ಸ್ಪಂಜು ಕೊಳೆಯಾದ ಮೇಲೆ ಇನ್ನೂ ಕಡಿಮೆ. ಆ ಅಂಕಿ ನಂಬಿ ಫಿಲ್ಟರ್ ಕೊಂಡರೆ ಯಾವ ಊರಲ್ಲೂ ತೊಂದರೆಯೇ, ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಂತೂ ಹೆಚ್ಚು. ಇಲ್ಲಿ ಮೊದಲು ಕೇಳಬೇಕಾದ್ದು ಬೇರೆ: ಕರೆಂಟು ಹೋದಾಗ ಈ ಫಿಲ್ಟರ್ ಏನಾಗುತ್ತದೆ? ಮೇ ತಿಂಗಳ ಮಧ್ಯಾಹ್ನ ಇದು ನೀರಿಗೆ ಗಾಳಿ ಕೊಡುತ್ತದೋ, ಬಿಸಿ ಕೊಡುತ್ತದೋ? ಬೋರ್ ನೀರಿನ ಸುಣ್ಣ ಇದರ ಯಾವ ಭಾಗಕ್ಕೆ ಕಟ್ಟುತ್ತದೆ?

ಫಿಲ್ಟರಿನ ಕೆಲಸ ನೀರನ್ನು ತಿಳಿಯಾಗಿಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಚಿಕ್ಕ ಕೆಲಸ. ದೊಡ್ಡ ಕೆಲಸ ಅಮೋನಿಯಾದ್ದು. ಮೀನಿನ ಕಿವಿರು, ಹಿಕ್ಕೆ, ತಿನ್ನದೆ ಉಳಿದ ಆಹಾರ, ಎಲ್ಲದರಿಂದಲೂ ಅಮೋನಿಯಾ ಬರುತ್ತದೆ. ಸ್ಪಂಜಿನ, ರಿಂಗಿನ ಮೈಮೇಲೆ ಬೆಳೆದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಮೊದಲ ಎರಡೂ ವಿಷ, ಮೂರನೆಯದು ಹೆಚ್ಚಾದರೆ ಮಾತ್ರ ಕೆಟ್ಟದ್ದು. ನೈಟ್ರೇಟನ್ನು ಮನೆಯ ಸಾಧಾರಣ ಫಿಲ್ಟರ್ ತೆಗೆಯುವುದಿಲ್ಲ. ವಾರಕ್ಕೆ ಕಾಲು ಭಾಗ ನೀರು ಬದಲಿಸುವುದು ತಪ್ಪಿದ್ದಲ್ಲ, ಎಷ್ಟು ದುಬಾರಿ ಫಿಲ್ಟರ್ ಇದ್ದರೂ.

ನಮ್ಮ ನೀರಿನ ವಿಷಯ ಇಲ್ಲೇ ಬರುತ್ತದೆ. ಅಮೋನಿಯಾದಲ್ಲಿ ಎಷ್ಟು ಪಾಲು ವಿಷದ ರೂಪದಲ್ಲಿ ಇರುತ್ತದೆ ಅನ್ನುವುದನ್ನು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) ಮತ್ತು ಶಾಖ ನಿರ್ಧರಿಸುತ್ತವೆ. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇ. 0.8ರಷ್ಟು. ಅದೇ ಶಾಖದಲ್ಲಿ ಪಿಎಚ್ 8 ಆದರೆ ಶೇ. 7ಕ್ಕೂ ಮೇಲೆ, ಅಂದರೆ ಹೆಚ್ಚುಕಡಿಮೆ ಒಂಬತ್ತು ಪಟ್ಟು. ಈ ಭಾಗದ ಬೋರ್ ನೀರು ಸಾಮಾನ್ಯವಾಗಿ ಗಡಸು, ಕ್ಷಾರದ ಕಡೆಗೆ ವಾಲಿದ್ದು. ಹಾಗಾಗಿ ಮಲೆನಾಡಿನ ಮೆದು ನೀರಿನಲ್ಲಿ ಮೀನು ತಡೆದುಕೊಳ್ಳುವಷ್ಟು ಅಮೋನಿಯಾ ಇಲ್ಲಿ ಅದನ್ನು ಮೇಲಕ್ಕೆ ಬಂದು ಬಾಯಿ ಬಿಡುವಂತೆ ಮಾಡುತ್ತದೆ. ಆದರೆ ಇದೇ ಗಡಸು ನೀರಿನಿಂದ ಒಂದು ಲಾಭವೂ ಇದೆ. ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ನೀರಿನ ಕ್ಷಾರಾಂಶವನ್ನು ತಿನ್ನುತ್ತಾ ಹೋಗುತ್ತವೆ. ಮೆದು ನೀರಿನಲ್ಲಿ ಅದು ಖಾಲಿಯಾಗಿ ಪಿಎಚ್ ಏಕಾಏಕಿ ಕುಸಿಯಬಹುದು, ಬೋರ್ ನೀರಿನಲ್ಲಿ ಆ ಭಯ ಕಡಿಮೆ.

ಇನ್ನು ಬಿಸಿಲು. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 35 ಡಿಗ್ರಿಯದು 7ಕ್ಕಿಂತ ಸ್ವಲ್ಪ ಕಡಿಮೆ. ಮೀನಿಗೂ ಬ್ಯಾಕ್ಟೀರಿಯಾಕ್ಕೂ ಸೆಕೆಯಲ್ಲೇ ಹೆಚ್ಚು ಗಾಳಿ ಬೇಕು, ಸಿಗುವುದು ಆಗಲೇ ಕಡಿಮೆ. ಆದ್ದರಿಂದ ನೀರಿನ ಮೇಲ್ಮೈಯನ್ನು ಚೆನ್ನಾಗಿ ಕಲಕುವ ಫಿಲ್ಟರೇ ನಮಗೆ ಬೇಕು. ನೀರೊಳಗೆ ಮುಳುಗುವ 20 ವ್ಯಾಟ್ ಪಂಪು ತನ್ನ ಬಿಸಿಯನ್ನೆಲ್ಲ ಅದೇ ನೀರಿಗೆ ಬಿಡುತ್ತದೆ. 50 ಲೀಟರಿನ ತೊಟ್ಟಿಯಲ್ಲಿ ಅದು ಗೊತ್ತಾಗುವಷ್ಟು ಇರುತ್ತದೆ.

ಮೊದಲು ತೊಟ್ಟಿಯ ಲೀಟರ್ ಲೆಕ್ಕ ಹಾಕಿ. ಉದ್ದ, ಅಗಲ, ಎತ್ತರ ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 24, 12, 15 ಇಂಚಿನ ತೊಟ್ಟಿ ಸುಮಾರು 71 ಲೀಟರ್. ಮೇಲೆ ಎರಡಿಂಚು ಬಿಟ್ಟು, ಕೆಳಗಿನ ಜಲ್ಲಿಯ ಜಾಗ ಕಳೆದರೆ ನಿಜವಾದ ನೀರು ಹೆಚ್ಚೆಂದರೆ 60. ಗಂಟೆಗೆ ನೀರು ನಾಲ್ಕೈದು ಸಲ ಸುತ್ತಿದರೆ ಸಾಕು, ಅಂದರೆ 240ರಿಂದ 300 ಲೀಟರ್. ಪಂಪಿನ ಫಿಲ್ಟರ್ ಆದರೆ ಡಬ್ಬಿಯ ಮೇಲೆ ಇದರ ಎರಡರಷ್ಟು ಇರಬೇಕು. ಗೋಲ್ಡ್ ಫಿಶ್, ಫ್ಲವರ್‌ಹಾರ್ನ್, ಆಸ್ಕರ್ ತರಹದ ಹೊಲಸು ಮಾಡುವ ಮೀನಿಗೆ ಇನ್ನೂ ಜಾಸ್ತಿ.

ಎರಡಡಿ ತೊಟ್ಟಿಗೆ, ಅದರಲ್ಲಿ ಗಪ್ಪಿ, ಮಾಲಿ, ಟೆಟ್ರಾ, ಫೈಟರ್ ಇದ್ದರೆ, ನನ್ನ ಮತ ಸ್ಪಂಜ್ ಫಿಲ್ಟರಿಗೇ. ಅಂಗಡಿಯವರು ಇದನ್ನು ಮರಿ ಸಾಕುವ ತೊಟ್ಟಿಗೆ ಮಾತ್ರ ಅಂತ ಪಕ್ಕಕ್ಕೆ ಇಡುತ್ತಾರೆ, ಲಾಭ ಕಡಿಮೆ ಇರುವುದಕ್ಕೂ ಇರಬಹುದು! ಹೊರಗಿನ ಏರ್ ಪಂಪು ಕಳಿಸಿದ ಗಾಳಿಗುಳ್ಳೆ ಕೊಳವೆಯೊಳಗೆ ಏರುವಾಗ ನೀರನ್ನೂ ಜೊತೆಗೆ ಎಳೆದೊಯ್ಯುತ್ತದೆ, ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಂಜಿನ ಮೂಲಕ ಒಳಗೆ ಬರುತ್ತದೆ. ಒಳಗೆ ತಿರುಗುವ ಭಾಗವೇ ಇಲ್ಲ, ಸುಣ್ಣ ಕಟ್ಟಿ ನಿಲ್ಲುವ ಮೋಟರ್ ಇಲ್ಲ, ನೀರಿಗೆ ಬಿಸಿ ಇಲ್ಲ, ಮರಿ ಸಿಕ್ಕಿಬೀಳುವುದಿಲ್ಲ. ಕರೆಂಟು ಹೋದರೂ ಸ್ಪಂಜು ತೊಟ್ಟಿಯ ತೆರೆದ ನೀರಿನಲ್ಲೇ ಇರುವುದರಿಂದ ಬ್ಯಾಕ್ಟೀರಿಯಾ ಬೇಗ ಉಸಿರುಗಟ್ಟುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು: ಎರಡು ಸ್ಪಂಜಿನ ಮಾದರಿ ತೆಗೆದುಕೊಳ್ಳಿ, ಸ್ಪಂಜನ್ನು ಕೈಯಲ್ಲಿ ಹಿಂಡಿದರೆ ತಟ್ಟನೆ ಮೊದಲಿನಂತೆ ಅರಳಬೇಕು, ರಂಧ್ರ ತೀರಾ ಸಣ್ಣ ಇರಬಾರದು. ಏರುಕೊಳವೆ ನೀರಿನ ಮಟ್ಟದ ಹತ್ತಿರದವರೆಗೆ ಬರಬೇಕು. ಗಿಡ್ಡ ಕೊಳವೆ ಹಾಕಿದರೆ ಗುಳ್ಳೆ ಕಾಣುತ್ತದೆ, ನೀರು ಎಳೆಯುವುದಿಲ್ಲ. ಕಡಿಮೆ ಬೆಲೆಯ ಏರ್ ಪಂಪು ಒಂದೂವರೆ ಅಡಿ ಆಳಕ್ಕೆ ಗಾಳಿ ತಳ್ಳಲು ಏದುಸಿರು ಬಿಡುತ್ತದೆ, ಆದ್ದರಿಂದ ಫಿಲ್ಟರಿನಲ್ಲಿ ಉಳಿಸಿದ ದುಡ್ಡನ್ನು ಪಂಪಿಗೆ ಹಾಕಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿನ ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ, ಅಲ್ಲಿಂದ ಸಾಕೆಟ್ಟಿಗೆ. ಪಂಪಿನ ತಳದಲ್ಲಿರುವ ಚಿಕ್ಕ ಹತ್ತಿಯ ತುಂಡು ನಮ್ಮ ಕೆಂಧೂಳಿಗೆ ಬೇಗ ಮುಚ್ಚಿಹೋಗುತ್ತದೆ, ತಿಂಗಳಿಗೊಮ್ಮೆ ತೆಗೆದು ಕೊಡವಿ. ಸೆಕೆಗೆ ಒಳಗಿನ ರಬ್ಬರ್ ಡಯಾಫ್ರಾಮ್ (ಗಾಳಿ ತಳ್ಳುವ ಪೊರೆ) ಗಡಸಾಗಿ ಹರಿದುಹೋಗುತ್ತದೆ; ಗಾಳಿ ಕಡಿಮೆಯಾಗಿ ಸದ್ದು ಜಾಸ್ತಿಯಾದರೆ ಅದೇ ಕಾರಣ. ಬಿಡಿ ರಬ್ಬರ್ ಸಿಗುವ ಪಂಪನ್ನೇ ಕೊಳ್ಳಿ.

ಏರ್ ಪಂಪು 3ರಿಂದ 5 ವ್ಯಾಟ್ ಅಷ್ಟೇ. ತಿಂಗಳಿಡೀ ಓಡಿದರೂ ನಾಲ್ಕು ಯೂನಿಟ್ ದಾಟುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನಿಗೇ ಹಾಕಿ. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ನೀರಿನ ಪಂಪುಗಳು ಗುಂಯ್ ಅಂದು ಬಿಸಿಯಾಗುತ್ತವೆ, ಅದನ್ನು ಮೊದಲೇ ಪರೀಕ್ಷಿಸಿ. ಇನ್ವರ್ಟರ್ ಇಲ್ಲದವರು ಯುಎಸ್‌ಬಿ ಏರ್ ಪಂಪು, 10,000 ಎಂಎಎಚ್‌ನ ಪವರ್ ಬ್ಯಾಂಕ್ ಇಟ್ಟುಕೊಂಡರೆ ಒಂದು ರಾತ್ರಿ ಸಲೀಸಾಗಿ ದಾಟುತ್ತದೆ.

ಮೂರಡಿ ತೊಟ್ಟಿಗೆ, ಅದರಲ್ಲೂ ಗೋಲ್ಡ್ ಫಿಶ್ ಸಾಕುವವರಿಗೆ, ಟಾಪ್ ಫಿಲ್ಟರ್ ಒಳ್ಳೆಯದು. ಪಂಪು ನೀರನ್ನು ಮೇಲಿನ ಪೆಟ್ಟಿಗೆಗೆ ಎತ್ತುತ್ತದೆ, ಅದು ಮೀಡಿಯಾ ದಾಟಿ ಕೆಳಗೆ ಬೀಳುತ್ತದೆ, ಬೀಳುವಾಗಲೇ ಗಾಳಿ ಸೇರುತ್ತದೆ. ಮುಚ್ಚಳ ತೆಗೆದರೆ ಎಲ್ಲ ಕೈಗೆ ಸಿಗುತ್ತದೆ. ಜೋಡಿಸುವ ಕ್ರಮ ಮಾತ್ರ ತಪ್ಪಬಾರದು: ನೀರು ಮೊದಲು ಒರಟು ಸ್ಪಂಜು, ಆಮೇಲೆ ಬಿಳಿ ಫ್ಲಾಸ್ (ಹತ್ತಿಯಂಥ ಹಾಸು), ಕೊನೆಗೆ ಸೆರಾಮಿಕ್ ರಿಂಗ್ ಅಥವಾ ಲಾವಾ ಕಲ್ಲು. ರಿಂಗನ್ನು ಮೊದಲು ಇಟ್ಟರೆ ಕೊಳೆ ಅದರ ರಂಧ್ರ ತುಂಬಿ ಬ್ಯಾಕ್ಟೀರಿಯಾಕ್ಕೆ ಜಾಗವೇ ಇರುವುದಿಲ್ಲ. ದುಡ್ಡು ಉಳಿಸಬೇಕೆಂದರೆ ಪಾತ್ರೆ ತಿಕ್ಕುವ ಹೊಸ ಪ್ಲಾಸ್ಟಿಕ್ ಸ್ಕ್ರಬ್ಬರ್ ರಿಂಗಿನ ಕೆಲಸ ಮಾಡುತ್ತದೆ. ಸ್ಟೀಲಿನದ್ದು ಬೇಡ, ಸೋಪು ಮುಟ್ಟಿದ್ದು ಬೇಡವೇ ಬೇಡ. ನಮ್ಮ ಕಡೆಯ ಗ್ರಾನೈಟ್ ಜಲ್ಲಿ ನೀರಿಗೆ ಅಪಾಯವಿಲ್ಲ, ಆದರೆ ರಂಧ್ರವಿಲ್ಲದ ಕಲ್ಲು ಮೀಡಿಯಾ ಆಗಿ ಹೆಚ್ಚು ಉಪಯೋಗಕ್ಕೆ ಬಾರದು. ಶಹಾಬಾದ್ ಕಲ್ಲಿನ ಚೂರು ಮಾತ್ರ ಹಾಕಬೇಡಿ, ಅದು ಸುಣ್ಣದ ಕಲ್ಲು, ಈಗಾಗಲೇ ಗಡಸಾದ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಅನುಮಾನ ಬಂದ ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಆಚೆಗಿಡಿ.

ಟಾಪ್ ಫಿಲ್ಟರಿನ ದೋಷ ಒಂದೇ: ಫ್ಲಾಸ್ ಕಟ್ಟಿಕೊಂಡರೆ ನೀರು ಮೀಡಿಯಾ ಮುಟ್ಟದೆ ಪೆಟ್ಟಿಗೆಯ ಅಂಚಿನಿಂದ ಹೊರಚೆಲ್ಲುತ್ತದೆ, ಪೆಟ್ಟಿಗೆ ಓರೆಯಾಗಿದ್ದರೆ ನೆಲಕ್ಕೂ. ಫ್ಲಾಸ್ ವಾರಕ್ಕೊಮ್ಮೆ ಬದಲಾಗಬೇಕು. ಇದರ ಜೊತೆ ಮೂಲೆಯಲ್ಲಿ ಒಂದು ಸ್ಪಂಜ್ ಫಿಲ್ಟರನ್ನೂ ಓಡಿಸಿ. ಒಂದು ನಿಂತರೆ ಇನ್ನೊಂದು ಇರುತ್ತದೆ, ಬೇರೆ ತೊಟ್ಟಿ ಶುರು ಮಾಡುವಾಗ ಹಳೇ ಬ್ಯಾಕ್ಟೀರಿಯಾವೂ ಸಿದ್ಧ.

ಹಿಂಬದಿಗೆ ನೇತುಹಾಕುವ ಹ್ಯಾಂಗ್ ಆನ್ ಫಿಲ್ಟರ್ ಬೇಸಿಗೆಯಲ್ಲಿ ಇಲ್ಲಿ ಕಾಟ ಕೊಡುತ್ತದೆ. ಒಣ ಗಾಳಿಗೆ ನೀರು ಬೇಗ ಆವಿಯಾಗಿ ಮಟ್ಟ ಇಳಿಯುತ್ತದೆ. ಪಂಪು ಪೆಟ್ಟಿಗೆಯಲ್ಲಿರುವ ಮಾದರಿಯಲ್ಲಿ ಕರೆಂಟು ಹೋಗಿ ಬಂದಾಗ ಕೊಳವೆಯಲ್ಲಿ ಗಾಳಿ ಸೇರಿ, ನೀರಿಲ್ಲದೆ ಮೋಟರ್ ಒಣಗಿ ಓಡುತ್ತದೆ. ಇಷ್ಟವಾದರೆ ಪಂಪು ನೀರೊಳಗೇ ಮುಳುಗಿರುವ ಮಾದರಿ ತೆಗೆದುಕೊಳ್ಳಿ. ಜಲ್ಲಿ ಕೆಳಗಿಡುವ ಅಂಡರ್ ಗ್ರಾವೆಲ್ ಪ್ಲೇಟನ್ನು ಬಿಟ್ಟುಬಿಡಿ, ಕೊಳೆ ಪ್ಲೇಟಿನಡಿ ಸೇರುತ್ತದೆ, ತೆಗೆಯಲು ತೊಟ್ಟಿಯನ್ನೇ ಬರಿದು ಮಾಡಬೇಕು.

ತೊಟ್ಟಿಯ ಹೊರಗಿಟ್ಟು ಪೈಪಿನಲ್ಲಿ ಜೋಡಿಸುವ ಕ್ಯಾನಿಸ್ಟರ್ ಫಿಲ್ಟರ್ ಚೆಂದ, ಶಕ್ತಿಯೂ ಹೆಚ್ಚು, ಗಿಡದ ತೊಟ್ಟಿಗೆ ಅದೇ ಸರಿ. ಆದರೆ ಮುಚ್ಚಿದ ಡಬ್ಬಿ. ಕರೆಂಟು ಹೋದರೆ ಒಳಗಿನ ಬ್ಯಾಕ್ಟೀರಿಯಾ ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿ ಸಾಯತೊಡಗುತ್ತವೆ. ಬೇಸಿಗೆಯಲ್ಲಿ ಎರಡು ಮೂರು ಗಂಟೆ ನಿಂತಿದ್ದರೆ ಕರೆಂಟು ಬಂದ ಕೂಡಲೇ ಓಡಿಸಬೇಡಿ. ಓಡಿಸಿದರೆ ಆ ಕೊಳೆತ ನೀರು ನೇರ ಮೀನಿನ ಮೇಲೆ. ಬಿಚ್ಚಿ, ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು ತೊಟ್ಟಿಯ ನೀರಿನಲ್ಲಿ ಅಲುಬಿ, ಆಮೇಲೆ ಜೋಡಿಸಿ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕರೆಂಟು ಹೋಗಿ ಬರುವ ಓಣಿಯವರು ಇನ್ವರ್ಟರ್ ಇಲ್ಲದೆ ಕ್ಯಾನಿಸ್ಟರ್ ಕೊಳ್ಳಬಾರದು. ಡಬ್ಬಿಯ ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ ಸವರಿ.

ಪಂಪಿಗೆ ಸುಣ್ಣ ಕಟ್ಟುವುದಕ್ಕೆ ಮದ್ದು ಸುಲಭ. ತಿರುಗುವ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ), ಅದರ ಕಡ್ಡಿ, ಕೂರುವ ಗುಂಡಿ, ಮೂರಕ್ಕೂ ಬಿಳಿ ಪದರ ಕಟ್ಟುತ್ತದೆ. ಮೊದಲು ಗರಗರ ಸದ್ದು, ಆಮೇಲೆ ಹರಿವು ಕಡಿಮೆ, ಕೊನೆಗೆ ಕರೆಂಟು ಬಂದರೂ ತಿರುಗದೆ ಬಿಸಿಯಾಗುವುದು. ಎರಡು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಇಂಪೆಲ್ಲರನ್ನು ಬಿಳಿ ವಿನೆಗರಿನಲ್ಲೋ, ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಒಂದು ಚಮಚ ಕರಗಿಸಿದ ಲೋಟ ನೀರಿನಲ್ಲೋ ಅರ್ಧ ಗಂಟೆ ನೆನೆಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಸೆರಾಮಿಕ್ ಕಡ್ಡಿ ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ, ನೇರಕ್ಕೆ ಎಳೆಯಿರಿ.

ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಮೇಲೆ ಮತ್ತೆ ಬೋರ್ ನೀರು ಸುರಿದರೆ ಗಡಸು ಏರುತ್ತಲೇ ಹೋಗುತ್ತದೆ. ಆದ್ದರಿಂದ ಇಂಗಿದ್ದನ್ನು ತುಂಬಲು ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು ಬಳಸಿ. ತೊಟ್ಟಿ ಪೂರ್ತಿ ಆರ್‌ಒ ನೀರೇ ಬೇಡ, ಮೇಲೆ ಹೇಳಿದ ಕ್ಷಾರಾಂಶ ಅದರಲ್ಲಿ ಇರುವುದಿಲ್ಲ. ಚಿಕ್ಕ ಫ್ಯಾನನ್ನು ನೀರಿನ ಮೇಲೆ ಬೀಸುವಂತೆ ಇಟ್ಟರೆ ನಮ್ಮ ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ನೀರು ದಿನವೂ ತುಂಬಬೇಕು.

ಫಿಲ್ಟರ್ ಹಾಕಿದ ದಿನವೇ ಕೆಲಸ ಶುರುವಾಗುವುದಿಲ್ಲ, ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಚೆನ್ನಾಗಿ ಓಡುತ್ತಿರುವ ತೊಟ್ಟಿಯ ಸ್ಪಂಜನ್ನು ಹಿಂಡಿ ತಂದ ಕಂದು ನೀರು ಸುರಿದರೆ, ಅಥವಾ ಆ ಸ್ಪಂಜನ್ನೇ ಹಾಕಿದರೆ ಈ ಅವಧಿ ತುಂಬಾ ಇಳಿಯುತ್ತದೆ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು ನೈಟ್ರೇಟ್ ಕಾಣಿಸಿದ ಮೇಲೆ ಮೀನು ತನ್ನಿ. ಈಗಾಗಲೇ ಮೀನಿದ್ದು ನೈಟ್ರೈಟ್ ಏರಿದರೆ ನೀರು ಬದಲಿಸಿ, 10 ಲೀಟರಿಗೆ 1 ಗ್ರಾಂ ಕಲ್ಲುಪ್ಪು ಹಾಕಿ; ಉಪ್ಪಿನ ಕ್ಲೋರೈಡು ನೈಟ್ರೈಟನ್ನು ಕಿವಿರಿನೊಳಗೆ ಬಿಡುವುದಿಲ್ಲ. ಫಿಲ್ಟರಿನಲ್ಲಿ ಜಿಯೋಲೈಟ್ (ಅಮೋನಿಯಾ ಹೀರುವ ಕಲ್ಲು) ಇದ್ದರೆ ಅದನ್ನು ಮೊದಲು ತೆಗೆಯಿರಿ, ಅದು ಹಿಡಿದಿಟ್ಟ ಅಮೋನಿಯಾವನ್ನು ಉಪ್ಪು ಸಿಕ್ಕರೆ ಬಿಟ್ಟುಕೊಡುತ್ತದೆ.

ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವುದೇ ಹೆಚ್ಚು ತೊಟ್ಟಿಗಳನ್ನು ಕೆಡಿಸುವುದು. ನಗರದ ನೀರಿನಲ್ಲಿ ಕ್ಲೋರಿನ್, ಮನೆಯ ಸಂಪ್‌ಗೆ ಹಾಕಿದ ಬ್ಲೀಚಿಂಗ್ ಪೌಡರ್ ಬೇರೆ, ಎರಡೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ನೀರು ಬದಲಿಸುವಾಗ ತೆಗೆದ ತೊಟ್ಟಿಯ ನೀರನ್ನು ಬಕೆಟ್ಟಿನಲ್ಲಿಟ್ಟು ಅದರಲ್ಲೇ ನಾಲ್ಕು ಸಲ ಹಿಂಡಿ ಸಾಕು, ಬೆಳ್ಳಗಾಗಬೇಕಿಲ್ಲ. ಎರಡು ಸ್ಪಂಜಿದ್ದರೆ ಒಂದನ್ನು ಈ ಸಲ, ಇನ್ನೊಂದನ್ನು ಎರಡು ವಾರ ಬಿಟ್ಟು.

ಮಳೆಗಾಲದಲ್ಲಿ ತುಂಗಭದ್ರೆಗೆ ಹೊಸ ನೀರು ಬಂದಾಗ ನಲ್ಲಿಯಲ್ಲೂ ಕೆಂಪು ಕಲಕು ಕಾಣುತ್ತದೆ. ಅದನ್ನು ಡ್ರಮ್ಮಿನಲ್ಲಿ ಎರಡು ದಿನ ನಿಲ್ಲಿಸಿ, ಮೇಲಿನ ತಿಳಿಯನ್ನು ಮಾತ್ರ ಪೈಪಿನಲ್ಲಿ ಎಳೆದುಕೊಳ್ಳಿ. ಪಟಿಕವನ್ನು ತೊಟ್ಟಿಯೊಳಗೆ ಹಾಕಬೇಡಿ, ಪಿಎಚ್ ಇಳಿಸುತ್ತದೆ. ಆ ವಾರಗಳಲ್ಲಿ ಫ್ಲಾಸ್ ಎರಡು ದಿನಕ್ಕೇ ಕಟ್ಟಿಕೊಳ್ಳಬಹುದು, ನಾಲ್ಕೈದು ತುಂಡು ಮೊದಲೇ ಕತ್ತರಿಸಿಟ್ಟಿರಿ.