ಹೊಟ್ಟೆಯ ಹಸಿವಲ್ಲ
ಡಯಟ್ ಶುರು ಮಾಡಿ ಇವತ್ತಿಗೆ 19 ದಿನ. ಹಗಲೆಲ್ಲ ಹೇಗೋ ನಡೆದುಹೋಗುತ್ತದೆ. ಕಷ್ಟ ಇರುವುದು ರಾತ್ರಿ ಹತ್ತರ ಮೇಲೆ. ನಿನ್ನೆ ಮುಗಿಯದ ಕೆಲಸ ಒಂದೇ ಸಮನೆ ತಲೆ ತಿನ್ನುತ್ತಿತ್ತು. ನೋಡಿದರೆ ಫ್ರಿಜ್ ಬಾಗಿಲು ಹಿಡಿದು ನಿಂತಿದ್ದೇನೆ, ತಣ್ಣನೆ ಗಾಳಿ ಪಾದಕ್ಕೆ ತಾಗುತ್ತಿದೆ. ಊಟವಾಗಿ ಒಂದೂವರೆ ಗಂಟೆಯೂ ಆಗಿರಲಿಲ್ಲ. ಹೊಟ್ಟೆ ಹಸಿದಿರಲಿಲ್ಲ, ಮನಸ್ಸು ದಣಿದಿತ್ತು.

ಒತ್ತಡ ಹಾಗೇ ಮುಂದುವರಿದರೆ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಏರುತ್ತದೆ, ಸಿಹಿ ಮತ್ತು ಕರಿದದ್ದರ ಕಡೆಗೆ ಎಳೆಯುತ್ತದೆ. ನಿದ್ದೆ ಕೆಟ್ಟರೆ ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚಬಹುದು, ‘ಸಾಕು’ ಅನ್ನುವ ಲೆಪ್ಟಿನ್ ಇಳಿಯಬಹುದು. ಇದು ಗೊತ್ತಾದ ಮೇಲೆ ನನ್ನನ್ನು ನಾನೇ ಬೈದುಕೊಳ್ಳುವುದು ಬಿಟ್ಟೆ. ಅದೂ ಇನ್ನೊಂದು ಒತ್ತಡವೇ ಅಲ್ವಾ?

ಬಾಗಿಲು ಮುಚ್ಚಿದೆ. ಒಂದು ಲೋಟ ನೀರು ಕುಡಿದು, ಕಿಟಕಿ ಹತ್ತಿರ ಸುಮ್ನೆ ಕೂತೆ. ಉಸಿರು ಎಳೆದದ್ದಕ್ಕಿಂತ ಬಿಡುವುದನ್ನು ಉದ್ದ ಮಾಡಿದೆ, ಹತ್ತು ನಿಮಿಷ. ಭುಜ ಎಷ್ಟು ಬಿಗಿದುಕೊಂಡಿತ್ತು ಅಂತ ಆಗಲೇ ಗೊತ್ತಾಗಿದ್ದು.

ಈ ವಾರ ಊಟ ಇನ್ನೂ ಕಡಿಮೆ ಮಾಡುವುದಿಲ್ಲ. 7 ಗಂಟೆ ನಿದ್ದೆ ಮಾಡುತ್ತೇನೆ. ತೂಕ ದಿನಾ ನೋಡುವುದಿಲ್ಲ, ಭಾನುವಾರ ಮಾತ್ರ. ಈಗ ಫೋನ್ ಬದಿಗಿಟ್ಟು ಮಲಗುತ್ತೇನೆ.