3000 ಕಿಲೋ ಎಳೆಯುವ ಕಾರು, 2640 ಕಿಲೋ ಕ್ಯಾರವಾನ್: ನಾನು ಎಡವಿದ್ದೆಲ್ಲಿ

ಮೆಲ್ಬರ್ನ್‌ನ ಉತ್ತರಕ್ಕೆ ಕ್ಯಾಂಪ್‌ಬೆಲ್‌ಫೀಲ್ಡ್ ಅಂತ ಒಂದು ಏರಿಯಾ ಇದೆ. ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಲಿಮನೆ. ಆಸ್ಟ್ರೇಲಿಯಾದ ಕ್ಯಾರವಾನ್‌ಗಳಲ್ಲಿ ಬಹಳಷ್ಟು ತಯಾರಾಗುವುದು ಅಲ್ಲಿ, ಅದರ ಸುತ್ತಮುತ್ತ. ಆ ಕಡೆಯ ಒಂದು ಯಾರ್ಡಿನಲ್ಲಿ ನನ್ನದು ಹ್ಯಾಂಡೋವರ್ ಕೆಲಸ. ಗಿರಾಕಿ ಕೊಂಡ ಕ್ಯಾರವಾನನ್ನು ಅವರ ಕಾರಿಗೆ ಜೋಡಿಸಿ, ಬ್ರೇಕು, ಲೈಟು, ಗ್ಯಾಸು, ನೀರು ಎಲ್ಲ ತೋರಿಸಿ ಕಳಿಸಬೇಕು. "ನನ್ನ ಕಾರು ಇದನ್ನು ಎಳೆಯುತ್ತಾ?" ಅಂತ ದಿನಾ ಯಾರಾದರೂ ಕೇಳುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಪ್ರಶ್ನೆಗೆ ನಾನು ಕೊಟ್ಟ ಒಂದು ಉತ್ತರದಿಂದ ಇಬ್ಬರ ಜೀವಕ್ಕೇ ಕುತ್ತು ಬರುವುದಿತ್ತು.

ಅವರು ಆಗಷ್ಟೇ ರಿಟೈರ್ ಆಗಿದ್ದ ಗಂಡ ಹೆಂಡತಿ. ಇಲ್ಲಿ ಜುಲೈ ಅಂದರೆ ಚಳಿಗಾಲ. ಹಾಗಾಗಿ ಬಿಸಿಲು ಹುಡುಕಿಕೊಂಡು ಉತ್ತರದ ಕ್ವೀನ್ಸ್‌ಲ್ಯಾಂಡಿಗೆ ಹೊರಟಿದ್ದರು. ಅವರದು ಏಳು ಸೀಟಿನ ಡೀಸೆಲ್ ವ್ಯಾಗನ್. ಎಳೆಯುವ ಮಿತಿ 3000 ಕಿಲೋ. ಕ್ಯಾರವಾನ್ ಪೂರ್ತಿ ತುಂಬಿದರೂ 2700 ಮೀರುವಂತಿರಲಿಲ್ಲ. ಇನ್ನೂ 300 ಕಿಲೋ ಉಳಿಯಿತಲ್ಲ, ಧೈರ್ಯವಾಗಿ ಹೋಗಿ ಬನ್ನಿ ಅಂದೆ.

ಎರಡನೇ ದಿನವೇ ಫೋನ್ ಬಂತು. ಹ್ಯೂಮ್ ಹೆದ್ದಾರಿಯಲ್ಲಿ ಒಂದು ದೊಡ್ಡ ಟ್ರಕ್ಕು ಅವರನ್ನು ದಾಟಿ ಹೋದಾಗ ಕ್ಯಾರವಾನ್ ಎಡಕ್ಕೆ ಬಲಕ್ಕೆ ತೂಗಾಡಲು ಶುರುವಾಗಿದೆ. ಒಂದೊಂದು ತೂಗಾಟವೂ ಮೊದಲಿನದಕ್ಕಿಂತ ದೊಡ್ಡದು. ಕಾರಿನ ಹಿಂಭಾಗವನ್ನೇ ಎಳೆದಾಡಿದೆ. ಆತ ಕಾರಿನ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್ ಬಿಟ್ಟು, ಡ್ಯಾಶ್‌ಬೋರ್ಡಿನಲ್ಲಿದ್ದ ಬ್ರೇಕ್ ಕಂಟ್ರೋಲರ್ ಗುಂಡಿ ಒತ್ತಿ, ಬರೀ ಕ್ಯಾರವಾನಿನ ಬ್ರೇಕ್ ಹಿಡಿಸಿದರಂತೆ. ಅದರಿಂದಲೇ ಉಳಿದುಕೊಂಡರು. ಆ ಗುಂಡಿಯ ಬಗ್ಗೆ ಹ್ಯಾಂಡೋವರ್ ದಿನ ನಾನೇ ಹೇಳಿದ್ದೆ. ಆದರೂ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಧಾನವಾಗಿ ಓಡಿಸಿಕೊಂಡು ವಾಪಸ್ ಬಂದರು. ನಮ್ಮ ಹಿರಿಯ ಮೆಕ್ಯಾನಿಕ್ ಯಾರನ್ನೂ ಬೈಯಲಿಲ್ಲ. ನನ್ನನ್ನೂ ಕರೆದುಕೊಂಡು ಸೀದಾ ವೇಬ್ರಿಡ್ಜಿಗೆ ಹೋದರು. ಕ್ಯಾರವಾನ್ ತೂಕ 2640. ಮಿತಿಯೊಳಗೇ ಇದೆ. ಆಮೇಲೆ ಕ್ಯಾರವಾನಿನ ಮೂತಿ ಕಾರಿನ ಟೋ ಬಾಲ್ (ಕ್ಯಾರವಾನ್ ಸಿಕ್ಕಿಸುವ ಹಿಂದಿನ ಗುಂಡು) ಮೇಲೆ ಎಷ್ಟು ಭಾರ ಬಿಡುತ್ತಿದೆ ಅಂತ ನೋಡಿದರು. 150 ಕಿಲೋ. ಇಲ್ಲಿನ ಕ್ಯಾರವಾನ್‌ಗಳಿಗೆ ಅದು ಒಟ್ಟು ತೂಕದ ಹತ್ತನೇ ಒಂದು ಭಾಗ ಇರಬೇಕು ಅನ್ನುವುದು ರೂಢಿ. ಅಂದರೆ 260ರ ಆಸುಪಾಸು. ಉಳಿದದ್ದು ಎಲ್ಲಿ ಹೋಯಿತು?

ಆತನೇ ಹೇಳಿದರು. ಮನೆಯಲ್ಲಿ ಸಾಮಾನು ತುಂಬಿದಾಗ ಕಾರಿನ ಹಿಂಭಾಗ ತೀರಾ ಕುಸಿದು, ಕಾರಿನ ಮುಂಭಾಗ ಮೇಲೆದ್ದಿತ್ತು. ಅದನ್ನು ಸರಿಮಾಡಲು ಟೂಲ್ ಬಾಕ್ಸು, ಡೀಸೆಲ್ ಕ್ಯಾನು, ಜನರೇಟರ್ ಎಲ್ಲವನ್ನೂ ಕ್ಯಾರವಾನಿನ ಹಿಂಬದಿಯ ಪೆಟ್ಟಿಗೆಗೆ ಹಾಕಿದ್ದರು. ಕಾರು ಮಟ್ಟಸವಾಗಿ ನಿಂತಿತು. ಸರಿಹೋಯಿತು ಅಂದುಕೊಂಡರು. ಆದರೆ ಕ್ಯಾರವಾನಿಗೆ ಹಿಂಭಾರ ಆಗಿತ್ತು. ಅದು ತೂಗಾಡಿದ್ದು ಅದಕ್ಕೇ.

ಅದನ್ನು ಕೇಳುತ್ತಿದ್ದಂತೆ ನನಗೆ ನಮ್ಮಪ್ಪನ ಚಕ್ಕಡಿ ನೆನಪಾಯಿತು. ನಮ್ಮದು ಹಾವೇರಿ ಕಡೆಯ ಹಳ್ಳಿ. ಗೋವಿನಜೋಳದ ಚೀಲ ಹೇರುವಾಗ ಅಪ್ಪ ಮೂಕಿ ಹಿಡಿದು ಎತ್ತಿ ನೋಡುತ್ತಿದ್ದರು. "ಹಿಂಭಾರ ಆಗೇತಿ, ಎರಡು ಚೀಲ ಮುಂದ ಸರಸು" ಅನ್ನುತ್ತಿದ್ದರು. ಹಿಂದೆ ಭಾರ ಜಾಸ್ತಿಯಾದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತೆ. ಮುಂದೆ ಜಾಸ್ತಿಯಾದರೆ ಹೆಗಲು ಹುಣ್ಣಾಗುತ್ತೆ. ಎತ್ತು ಎಷ್ಟು ಎಳೆಯುತ್ತೆ ಅನ್ನುವುದು ಒಂದು ಮಾತು, ಹೆಗಲ ಮೇಲೆ ಎಷ್ಟು ಹೊರುತ್ತೆ ಅನ್ನುವುದು ಇನ್ನೊಂದು. ನಾನು ಬರೀ ಎಳೆಯುವ ಲೆಕ್ಕ ಹಾಕಿದ್ದೆ.

ಸಾಮಾನನ್ನೆಲ್ಲ ಅದರದರ ಜಾಗಕ್ಕೆ ಸರಿಸಿದೆವು. ಬಾಲ್ ಮೇಲಿನ ಭಾರ 270ಕ್ಕೆ ಬಂತು. ಈಗ ಕಾರಿನ ಲೆಕ್ಕ. ಜಿವಿಎಂ, ಅಂದರೆ ಕಾರು ತನ್ನ ಮೈಮೇಲೆ ಎಲ್ಲ ಹೊತ್ತು ಇರಬಹುದಾದ ಗರಿಷ್ಠ ತೂಕ, 2990. ಖಾಲಿ ಕಾರಿನ ತೂಕ 2330. ಹೊರಲು ಉಳಿದದ್ದು 660. ಗಂಡ ಹೆಂಡತಿ 160. ಮುಂದಿನ ರಕ್ಷಣೆಯ ಕಂಬಿ, ಅಂದರೆ ಬುಲ್ ಬಾರ್ 60, ಬಾಲ್ ಕೂರಿಸುವ ಟೋ ಬಾರ್ 35. ಹಿಂದೆ ಸ್ಟೀಲ್ ಡ್ರಾಯರು, ಫ್ರಿಜ್ಜು 110. ಮೇಲಿನ ಕ್ಯಾರಿಯರ್ ಮತ್ತು ಅದರ ಸಾಮಾನು 60. ಒಟ್ಟು 425. ಉಳಿದದ್ದು 235. ಬಾಲ್ ಭಾರ 270. ಬಾಲ್ ಮೇಲಿನ ಭಾರವೂ ಕಾರು ಹೊರುವ ಲೆಕ್ಕಕ್ಕೇ ಸೇರುತ್ತೆ. ಎಳೆಯುವುದರಲ್ಲಿ 360 ಕಿಲೋ ಮಿಕ್ಕಿದ್ದ ಕಾರು ಹೊರುವುದರಲ್ಲಿ 35 ಕಿಲೋ ಮೀರಿತ್ತು. ಅವತ್ತು ನಾನು ಜಿವಿಎಂ ಫಲಕ ನೋಡಿರಲೇ ಇಲ್ಲ.

ಇನ್ನೊಂದು ವಿಷಯ ಮೆಕ್ಯಾನಿಕ್ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದರು. ಬಾಲ್ ಇರುವುದು ಹಿಂದಿನ ಆಕ್ಸಲ್‌ನಿಂದ ಸುಮಾರು 1.2 ಮೀಟರ್ ಆಚೆ. ಎರಡು ಆಕ್ಸಲ್‌ಗಳ ನಡುವೆ 2.8 ಮೀಟರ್. ಏತದ ಹಾಗೆ, ಹಿಂದೆ ಒತ್ತಿದರೆ ಮುಂದೆ ಏಳುತ್ತೆ. 270 ಕಿಲೋ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಸುಮಾರು 385 ಬೀಳುತ್ತೆ, ಮುಂದಿನ ಚಕ್ರಗಳ ಮೇಲಿಂದ 115 ಹೋಗುತ್ತೆ. ಸ್ಟಿಯರಿಂಗ್ ತಿರುಗಿಸುವುದು ಆ ಮುಂದಿನ ಚಕ್ರಗಳೇ ಅಲ್ವಾ? ಅದಕ್ಕೇ ಹಿಂದಿನ ಆಕ್ಸಲ್‌ನ ಮಿತಿಯನ್ನೂ ಬೇರೆಯಾಗಿ ನೋಡಬೇಕು. ಎರಡು ಆಕ್ಸಲ್‌ಗಳ ನಡುವೆ ಅಂತರ ಜಾಸ್ತಿ ಇದ್ದು, ಬಾಲ್ ಹಿಂದಿನ ಆಕ್ಸಲ್‌ಗೆ ಹತ್ತಿರವಿರುವ ಗಾಡಿ ಒಳ್ಳೆಯದು.

ಆ ದಂಪತಿ ಸ್ಟೀಲ್ ಡ್ರಾಯರ್ ತೆಗೆಸಿದರು, ಕ್ಯಾರಿಯರ್ ಮೇಲಿನ ಸಾಮಾನು ಇಳಿಸಿದರು. ಮತ್ತೆ ತೂಗಿದೆವು. ಆಮೇಲೆ ಕ್ವೀನ್ಸ್‌ಲ್ಯಾಂಡಿಗೆ ಹೋಗಿ ಬಂದರು.

ಡಬಲ್ ಕ್ಯಾಬ್ ಯೂಟ್, ಅಂದರೆ ಎರಡು ಸಾಲು ಸೀಟಿನ ಪಿಕಪ್, ಕೊಳ್ಳುವವರಿಗೆ ಬೇರೆ ಒಂದು ಮಾತು ಹೇಳುತ್ತೇನೆ. 3500 ಕಿಲೋ ಎಳೆಯುತ್ತೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಜಿಸಿಎಂ, ಅಂದರೆ ಗಾಡಿ ಮತ್ತು ಕ್ಯಾರವಾನ್ ಸೇರಿದ ಒಟ್ಟು ಮಿತಿ, ಪುಸ್ತಕದ ಒಳಪುಟದಲ್ಲಿರುತ್ತೆ. ಜಿಸಿಎಂ 5850 ಇರುವ ಯೂಟಿಗೆ 3500ರ ಕ್ಯಾರವಾನ್ ಕಟ್ಟಿದರೆ ಯೂಟಿಗೆ ಉಳಿಯುವುದು 2350. ಅದರ ಖಾಲಿ ತೂಕವೇ 2100. ಮಿಕ್ಕ 250ರಲ್ಲಿ ಜನ, ಬುಲ್ ಬಾರ್, ಸಾಮಾನು ಎಲ್ಲ ಬರಬೇಕು. ಬಾಲ್ ಮಿತಿಯನ್ನೂ ಹುಡುಕಿ ಓದಬೇಕು. ಹಳೆಯ ಮಿತ್ಸುಬಿಷಿ ಪಜೆರೊ 3000 ಎಳೆಯುತ್ತೆ. ಆದರೆ ಕ್ಯಾರವಾನ್ 2500 ದಾಟಿದರೆ ಬಾಲ್ ಮೇಲೆ 180 ಕಿಲೋ ಮಾತ್ರ ಬಿಡಬಹುದು. ಬ್ರೇಕಿನ ವಿಚಾರದಲ್ಲಿ ಕಾನೂನು ಸ್ಪಷ್ಟವಾಗಿದೆ: 750 ಕಿಲೋ ದಾಟಿದರೆ ಟ್ರೇಲರಿಗೆ ಬ್ರೇಕ್ ಬೇಕು. 2000 ದಾಟಿದರೆ ಎಲ್ಲ ಚಕ್ರಕ್ಕೂ ಬೇಕು, ಕೊಂಡಿ ಕಳಚಿದರೆ ತಾನಾಗೇ ಹಿಡಿಯುವ ಬ್ರೇಕೂ ಬೇಕು.

ಕಾನೂನು ಕೇಳದಿದ್ದರೂ ನಾನು ಹೇಳುವುದು ಇನ್ನೊಂದಿದೆ. ತುಂಬಿದ ಕ್ಯಾರವಾನ್ ತುಂಬಿದ ಕಾರಿಗಿಂತ ಭಾರ ಇರಬಾರದು. ಎಳೆಯುವುದಕ್ಕಿಂತ ಎಳೆಸಿಕೊಳ್ಳುವುದು ಭಾರವಾದರೆ, ಇಳಿಜಾರಿನಲ್ಲಿ ಯಾರು ಯಾರನ್ನು ಕರೆದೊಯ್ಯುತ್ತಾರೆ ಅನ್ನುವುದು ಹೇಳಲಾಗದು. ಇದರಿಂದ ಕೆಲವು ಸಲ ವ್ಯಾಪಾರ ತಪ್ಪಿದೆ. ತಪ್ಪಲಿ.

ಕಳೆದ ವಾರ ಇಲ್ಲಿನ ಒಂದು ಕನ್ನಡದ ಕುಟುಂಬ ಬಂದಿತ್ತು. ಮಕ್ಕಳಿಗೆ ಬಂಕ್ ಇರುವ, ತುಂಬಿದರೆ 1950 ಕಿಲೋ ಆಗುವ ಕ್ಯಾರವಾನ್ ಮೆಚ್ಚಿದ್ದರು. "ಅಣ್ಣ, ನಮ್ಮ ಕಾರು ಎರಡು ಟನ್ ಎಳೆಯುತ್ತೆ, ಸಾಕಲ್ವಾ?" ಅಂದರು.

"ಕಾರಲ್ಲಿ ಯಾರ್ಯಾರು ಕೂರ್ತೀರಿ?" ಅಂತ ಕೇಳಿದೆ.

ಗಂಡ, ಹೆಂಡತಿ, ಇಬ್ಬರು ಮಕ್ಕಳು, ಊರಿನಿಂದ ಬಂದಿರುವ ಅವರ ಅಮ್ಮ. ಐದು ಜನ ಸೇರಿ 330. ಟೋ ಬಾರು, ಸಾಮಾನು 120. ಆ ಕಾರು ಹೊರುವುದು 600. ಉಳಿದದ್ದು 150, ಅವರು ಮೆಚ್ಚಿದ ಕ್ಯಾರವಾನಿಗೆ ಬಾಲ್ ಮೇಲೆ ಬೇಕಿದ್ದದ್ದು, ಅದರ ಹತ್ತನೇ ಒಂದು ಭಾಗ, 195. ಅದೇ ಯಾರ್ಡಿನಲ್ಲಿ ತುಂಬಿದರೂ 1400 ಮೀರದ ಚಿಕ್ಕದೊಂದು ತೋರಿಸಿದೆ. ಮಕ್ಕಳ ಮುಖ ಸ್ವಲ್ಪ ಬಾಡಿತು. ಮಕ್ಕಳಿಗೆ ಪಕ್ಕದಲ್ಲಿ ಟೆಂಟ್ ಹಾಕಿಕೊಡಬಹುದು ಅಂದಾಗ ಅರಳಿತು.

ಈ ಶನಿವಾರ ಐವರೂ ಸಾಮಾನು ಸಮೇತ ಬರುತ್ತಿದ್ದಾರೆ. ದುಡ್ಡು ಕಟ್ಟುವ ಮೊದಲು ಕಾರನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸುತ್ತೇವೆ. ಅಜ್ಜಿಯನ್ನೂ ಕರೆತನ್ನಿ, ಅವರು ಕೂರುವ ಸೀಟಿನಲ್ಲೇ ಕೂರಿಸಿ ತೂಗೋಣ ಅಂತ ಹೇಳಿದ್ದೇನೆ.